ಖಾಲಿ ಹೊಟ್ಟೆ ಎಲ್ಲ ಮಕ್ಕಳಿಗೂ ಒಂದೇ ಅಲ್ಲ

ಥೈರಾಯ್ಡ್ ಮಾತ್ರೆಯ ಡಬ್ಬಿ ಕೊಡುವಾಗ ಅದರ ಮೇಲೆ ಪೆನ್ನಿನಲ್ಲಿ ‘ಬೆಳಿಗ್ಗೆ, ಖಾಲಿ ಹೊಟ್ಟೆಗೆ’ ಎಂದು ಬರೆದುಕೊಡುವುದು ಔಷಧಿ ಅಂಗಡಿಯವರ ರೂಢಿ. ತಿಪಟೂರಿನಲ್ಲಿ ಅಂಗಡಿ ಇಟ್ಟುಕೊಂಡಿರುವ ನಾನೂ ಹಾಗೇ ಬರೆಯುತ್ತೇನೆ. ಕೊಳ್ಳಲು ಬರುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದ ಹೆಂಗಸರು. ಅವರಿಗೆ ಅಷ್ಟು ಹೇಳಿದರೆ ಸಾಕು. ಎದ್ದ ಕೂಡಲೇ ನೀರಿನಲ್ಲಿ ನುಂಗಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಮನೆಯವರಿಗೆಲ್ಲ ಕಾಫಿ ಕೊಟ್ಟು ತಾವು ಲೋಟ ಹಿಡಿಯುವ ಹೊತ್ತಿಗೆ ಕಾಯಬೇಕಾದ ಒಂದು ಗಂಟೆ ತಾನಾಗೇ ಕಳೆದಿರುತ್ತದೆ. ಆದರೆ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಗುವಿನ ಚೀಟಿಯಲ್ಲೂ ಅದೇ ಸಾಲನ್ನು ಬರೆದು ಕೈತೊಳೆದುಕೊಳ್ಳುವುದು ಸರಿಯಲ್ಲ. ಆ ಮಗುವಿಗೆ ಖಾಲಿ ಹೊಟ್ಟೆಯೇ ಒಂದು ಅಪಾಯ.

ನನ್ನ ಮಗಳು ಅಂಥ ಮಗು. ಏಳನೇ ವಯಸ್ಸಿಗೆ ಟೈಪ್ 1 ಡಯಾಬಿಟಿಸ್ ಬಂತು, ಹತ್ತಕ್ಕೆ ಥೈರಾಯ್ಡ್. ಈಗ ಹನ್ನೆರಡು. ‘ಎರಡೆರಡಾ? ಅದೇನು ತಿನ್ನಿಸಿದ್ರಪ್ಪಾ ಮಗೂಗೆ?’ ಎಂದು ನೆಂಟರ ಮದುವೆಯಲ್ಲಿ ಊಟದ ಎಲೆ ಮುಂದೆಯೇ ಕೇಳಿದವರಿದ್ದಾರೆ. ಏನೂ ತಿನ್ನಿಸಿಲ್ಲ. ಟೈಪ್ 1ರಲ್ಲಿ ಮೈಯ ರೋಗನಿರೋಧಕ ವ್ಯವಸ್ಥೆ ತನ್ನದೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಶತ್ರುವೆಂದು ತಿಳಿದು ಹಾಳುಮಾಡುತ್ತದೆ. ಅದೇ ತಪ್ಪನ್ನು ಅದು ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಮೇಲೂ ಮಾಡಬಹುದು. ಜಪಾನಿನ ಹಕಾರು ಹಶಿಮೊಟೊ ಎಂಬ ಸರ್ಜನ್ 1912ರಲ್ಲಿ ವಿವರಿಸಿದ ಈ ಕಾಯಿಲೆಗೆ ಅವರದೇ ಹೆಸರಿದೆ. ಟೈಪ್ 1 ಇರುವವರಲ್ಲಿ ನೂರಕ್ಕೆ 17ರಿಂದ 30 ಜನರಿಗೆ ಥೈರಾಯ್ಡಿನ ಮೇಲೂ ಇಂಥ ದಾಳಿ ನಡೆಯುತ್ತದೆ ಎಂದು ಅಮೆರಿಕದ ಡಯಾಬಿಟಿಸ್ ಸಂಘ ಹೇಳುತ್ತದೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಕೆಲವರಿಗೆ ಬೇಕಾಗುತ್ತದೆ. ಹಳೆಯ ಕಾಲದ ಮಲೆನಾಡಿನ ಗಳಗಂಡ ನೆನಪಿರುವವರು ಉಪ್ಪು ಬದಲಿಸಿ ನೋಡಿ ಎನ್ನುತ್ತಾರೆ. ಅದು ಅಯೋಡಿನ್ ಕೊರತೆಯ ಕತೆ, ಇದು ಬೇರೆ. ಕೋಸು, ಹೂಕೋಸು ಬಿಡಿಸಿ ಎನ್ನುವವರಿಗೂ ನನ್ನ ಉತ್ತರ ಅಷ್ಟೇ. ಬೇಯಿಸಿದ ಕೋಸಿನ ಪಲ್ಯವನ್ನು ನನ್ನ ಮಗಳು ಹೇಗೂ ಮುಟ್ಟುವುದಿಲ್ಲ, ಅದು ಬೇರೆ ಮಾತು.

ಅವಳ ಥೈರಾಯ್ಡ್ ಪತ್ತೆಯಾದದ್ದು ಶುಗರ್‌ನ ದೆಸೆಯಿಂದ. ಇನ್ಸುಲಿನ್ ಹೆಚ್ಚಿಸಿರಲಿಲ್ಲ, ಊಟ ತಪ್ಪಿಸಿರಲಿಲ್ಲ, ಆಟ ಜಾಸ್ತಿ ಆಗಿರಲಿಲ್ಲ. ಆದರೂ ಮೇಲಿಂದ ಮೇಲೆ ಶುಗರ್ ಇಳಿದು ‘ಲೋ’ ಆಗತೊಡಗಿತು. ಬೆಂಗಳೂರಿನ ಡಾಕ್ಟರಮ್ಮ ಲೆಕ್ಕದ ಪುಸ್ತಕ ತಿರುವಿ ನೋಡಿ, ‘ಯೂನಿಫಾರ್ಮ್ ಯಾವಾಗ ಹೊಲಿಸಿದ್ರಿ?’ ಎಂದರು. ಹೋದ ವರ್ಷದ್ದೇ, ಇನ್ನೂ ಸರಿಯಾಗಿ ಆಗುತ್ತೆ ಎಂದಳು ನನ್ನ ಹೆಂಡತಿ. ಬೆಳೆಯುವ ವಯಸ್ಸಿನ ಹುಡುಗಿಗೆ ಹಳೆಯ ಲಂಗ ಗಿಡ್ಡ ಆಗಬೇಕಿತ್ತು. ಅವತ್ತೇ ಥೈರಾಯ್ಡಿನ ರಕ್ತ ಪರೀಕ್ಷೆ, ಟಿಎಸ್‌ಎಚ್ ಬರೆದರು. ಥೈರಾಯ್ಡ್ ಕುಗ್ಗಿದರೆ ಮೈಯ ಎಲ್ಲ ಕೆಲಸವೂ ನಿಧಾನ. ಇನ್ಸುಲಿನ್ ಬೇಗ ಕರಗದೆ ಉಳಿಯುತ್ತದೆ, ಸಕ್ಕರೆ ತಯಾರಿಸುವ ಯಕೃತ್ತೂ ಮಂದವಾಗುತ್ತದೆ. ಅದಕ್ಕೇ ಆ ಲೋ. ಮಾತ್ರೆ ಶುರುವಾದ ಮೇಲೆ ಇನ್ಸುಲಿನ್ ಮತ್ತೆ ಹೆಚ್ಚು ಬೇಕಾಗಬಹುದು ಎಂದು ಮೊದಲೇ ಎಚ್ಚರಿಸಿದ್ದರು, ಹಾಗೇ ಆಯಿತು. ಡಯಾಬಿಟಿಸ್ ಗೊತ್ತಾಗಿ ಮಗು ಸ್ವಲ್ಪ ಸುಧಾರಿಸಿದ ಮೇಲೆ ಒಂದು ಸಲ, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿರುವ ಪದ್ಧತಿ. ಚಿಕ್ಕ ಊರುಗಳ ಚೀಟಿಗಳಲ್ಲಿ ಅದು ನನಗೆ ಕಾಣುವುದು ಅಪರೂಪ.

ನನ್ನ ತಕರಾರು ಇರುವುದು ಮಾತ್ರೆಯ ಹೊತ್ತಿನ ಬಗ್ಗೆ. ಇದರ ಹೆಸರು ಲೆವೋಥೈರಾಕ್ಸಿನ್. ಸಣ್ಣ ಕರುಳಿನಲ್ಲಿ ಹೀರಿಕೊಳ್ಳಬೇಕು, ಹೊಟ್ಟೆಯಲ್ಲಿ ಊಟವಿದ್ದರೆ ಹೀರುವುದು ಕಡಿಮೆಯಾಗುತ್ತದೆ. ಸುಣ್ಣದ ಅಂಶ, ಕಬ್ಬಿಣದ ಮಾತ್ರೆ, ಸೋಯಾ, ಕಾಫಿ ಎಲ್ಲವೂ ಅಡ್ಡ ಬರುತ್ತವೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಬೇಕು. (ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ನೀಲಿ ಮಾತ್ರೆ ಬೇಡ ಅಂತ ಹೇಳಿಬಿಡಲಾ ಎಂದು ಕೆಲವರು ಕೇಳುತ್ತಾರೆ. ಬೇಡ ಅನ್ನಬೇಡಿ. ಮಧ್ಯಾಹ್ನದ ಊಟದ ಮೇಲೆ ಕೊಡುವುದಾದರೆ ಬೆಳಗಿನ ಮಾತ್ರೆಗೂ ಅದಕ್ಕೂ ಜಗಳವಿಲ್ಲ.) ನಮ್ಮ ಕಡೆ ಬೆಳಿಗ್ಗೆ ಮಕ್ಕಳಿಗೆ ಕೊಡುವುದು ರಾಗಿ ಗಂಜಿ, ಹಾಲು. ಸುಣ್ಣದ ಅಂಶದಲ್ಲಿ ರಾಗಿಯನ್ನು ಮೀರಿಸುವ ಧಾನ್ಯವಿಲ್ಲ. ಹಾಗಾಗಿ ಮಾತ್ರೆ ನುಂಗಿದ ಕೂಡಲೇ ಗಂಜಿ ಕುಡಿಸುವ ಹಾಗಿಲ್ಲ. ಇದನ್ನು ನಮ್ಮಮ್ಮನಿಗೆ ಒಪ್ಪಿಸುವುದರಲ್ಲಿ ನಾನು ಸೋತಿದ್ದೇನೆ. ‘ಅದ್ಯಾವ್ದೋ ಸಾಸಿವೆ ಕಾಳಿನಷ್ಟು ಮಾತ್ರೆಗೆ ಕೂಸಿನ ಹೊಟ್ಟೆ ಒಣಗಿಸ್ತೀಯಲ್ಲೋ’ ಎಂದು ಈಗಲೂ ಬೈಯುತ್ತಾರೆ.

ಅಮ್ಮನ ಬೈಗುಳದಲ್ಲಿ ಅರ್ಧ ನಿಜವಿದೆ. ನಮ್ಮ ಮನೆಯ ಬೆಳಗನ್ನೇ ನೋಡಿ. ಶಾಲೆಯ ವ್ಯಾನು ಏಳೂವರೆಗೆ ಬರುತ್ತದೆ. ಊಟಕ್ಕೆ ಮೊದಲಿನ ಇನ್ಸುಲಿನ್ ಹತ್ತು ಹದಿನೈದು ನಿಮಿಷ ಮುಂಚೆ ಕೊಡಬೇಕು, ತಿಂಡಿ ಪೂರ್ತಿ ತಿಂದೇ ಹೋಗಬೇಕು, ಅರ್ಧ ಇಡ್ಲಿ ಬಿಟ್ಟರೆ ಮೊದಲ ಪೀರಿಯಡ್ಡಿನಲ್ಲೇ ಶುಗರ್ ಇಳಿಯುತ್ತದೆ. ಇದಕ್ಕೆ ಒಂದು ಗಂಟೆ ಮುಂಚೆ ಥೈರಾಯ್ಡ್ ಮಾತ್ರೆ ಎಂದರೆ ಐದೂಮುಕ್ಕಾಲಿಗೆ ಎಬ್ಬಿಸಬೇಕು. ಎಬ್ಬಿಸುತ್ತೇವೆ, ದೊಡ್ಡ ವಿಷಯವಲ್ಲ. ಬೆರಳು ಚುಚ್ಚಿ ನೋಡಿದಾಗ ಮೀಟರಿನಲ್ಲಿ 130 ಇದ್ದರೆ ಎಲ್ಲ ಸರಾಗ. 61 ಇದ್ದರೆ?

70ಕ್ಕಿಂತ ಕೆಳಗಿಳಿದರೆ ಕಾಯುವಂತಿಲ್ಲ. ಗ್ಲೂಕೋಸ್ ಕೊಡಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಬೇಕು, ಏರದಿದ್ದರೆ ಮತ್ತೆ ಕೊಡಬೇಕು. ಇದು ಟೈಪ್ 1 ಮಕ್ಕಳ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆದರೆ ಥೈರಾಯ್ಡ್ ಸೇರಿಕೊಂಡ ಮೇಲೆ ಬಾಯಿಪಾಠ ತಪ್ಪುತ್ತದೆ. ಹೊನ್ನವಳ್ಳಿ ಕಡೆಯ ಒಬ್ಬ ತಾಯಿ ಮಗನ ಇನ್ಸುಲಿನ್ ಕೊಳ್ಳಲು ನಮ್ಮ ಅಂಗಡಿಗೆ ಬರುತ್ತಾರೆ. ಒಂದು ದಿನ ಕೇಳಿದರು, ‘ಅಣ್ಣಾ, ಮಾತ್ರೆ ಕೊಟ್ಟು ಅರ್ಧ ಗಂಟೆಗೆ ಲೋ ಆದ್ರೆ ಗ್ಲೂಕೋಸ್ ಕುಡಿಸಬಹುದಾ? ಗಂಟೆ ಆಗ್ಲಿ ಅಂತ ಕಾದೆ, ಹುಡುಗ ನಡುಗ್ತಾ ಕೂತಿದ್ದ.’ ಓದಿದ ಹೆಣ್ಣುಮಗಳು. ಚೀಟಿಯಲ್ಲಿ ಬರೆದದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರು. ತಪ್ಪು ಆಕೆಯದಲ್ಲ. ‘ಒಂದು ಗಂಟೆ ಏನೂ ಕೊಡಬೇಡಿ’ ಎಂದು ಬರೆದವರು ‘ಶುಗರ್ ಇಳಿದರೆ ಈ ಮಾತು ಲೆಕ್ಕಕ್ಕಿಲ್ಲ’ ಎಂದು ಇನ್ನೊಂದು ಸಾಲು ಬರೆಯಬೇಕಿತ್ತು.

ಆ ಸಾಲು ಯಾಕೆ ಧೈರ್ಯವಾಗಿ ಬರೆಯಬಹುದು ಎಂದರೆ, ಎರಡೂ ಔಷಧಿಗಳ ಕಾಲದ ಲೆಕ್ಕ ಬೇರೆ ಬೇರೆ. ಊಟದ ಹೊತ್ತಿನ ಇನ್ಸುಲಿನ್ ಕಾಲು ಗಂಟೆಯಲ್ಲಿ ಕೆಲಸಕ್ಕೆ ಇಳಿದು ನಾಲ್ಕೈದು ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲಿ ಹತ್ತು ನಿಮಿಷಕ್ಕೂ ಬೆಲೆಯಿದೆ. ಲೆವೋಥೈರಾಕ್ಸಿನ್ ರಕ್ತ ಸೇರಿದ ಮೇಲೆ ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ ಏಳು ದಿನ ಬೇಕು. ಡೋಸ್ ಬದಲಿಸಿದರೆ ಪರಿಣಾಮ ನೋಡಲು ಆರರಿಂದ ಎಂಟು ವಾರ ಕಾದು ರಕ್ತ ಪರೀಕ್ಷೆ ಮಾಡಿಸುತ್ತಾರಲ್ಲ, ಅದಕ್ಕೆ ಕಾರಣ ಈ ನಿಧಾನವೇ. ಒಂದು ಬೆಳಿಗ್ಗೆ ಮಾತ್ರೆ ತಡವಾದರೆ, ಗ್ಲೂಕೋಸಿನ ಜೊತೆಗೇ ಹೋದರೆ ಮಗುವಿಗೆ ಏನೂ ಆಗುವುದಿಲ್ಲ. ದುಡಿಮೆಯಲ್ಲಿ ಒಂದು ದಿನದ ಕೂಲಿಗೂ ತಿಂಗಳ ಸಂಬಳಕ್ಕೂ ಇರುವ ವ್ಯತ್ಯಾಸ ಇವೆರಡರ ನಡುವೆ ಇದೆ. ಎರಡೂ ಡಿಕ್ಕಿ ಹೊಡೆದ ಬೆಳಿಗ್ಗೆ ಯಾವುದು ಕಾಯಬೇಕು ಎಂಬುದರಲ್ಲಿ ಅನುಮಾನವೇ ಇಲ್ಲ. ಆ ಅನುಮಾನವನ್ನು ತಾಯಂದಿರ ತಲೆಗೆ ಬಿಡಬಾರದು ಎಂಬುದೇ ನನ್ನ ಒತ್ತಾಯ.

ಬೆಳಿಗ್ಗೆಯೇ ಯಾಕೆ ಎಂದೂ ಕೇಳಬೇಕು. ಅಮೆರಿಕದ ಥೈರಾಯ್ಡ್ ಸಂಘದ 2014ರ ಮಾರ್ಗಸೂಚಿಯಲ್ಲೇ ಎರಡು ದಾರಿಗಳಿವೆ: ತಿಂಡಿಗೆ ಒಂದು ಗಂಟೆ ಮುಂಚೆ, ಇಲ್ಲವೇ ರಾತ್ರಿ ಊಟವಾಗಿ ಮೂರು ಗಂಟೆಯ ಮೇಲೆ ಮಲಗುವಾಗ. 2010ರಲ್ಲಿ ಪ್ರಕಟವಾದ ಹಾಲೆಂಡಿನ ಒಂದು ಪ್ರಯೋಗದಲ್ಲಿ ರಾತ್ರಿ ನುಂಗಿದಾಗ ಟಿಎಸ್‌ಎಚ್ ಇನ್ನೂ ಚೆನ್ನಾಗಿ ಹತೋಟಿಗೆ ಬಂದಿತ್ತು. ಅದು ದೊಡ್ಡವರ ಮೇಲೆ ನಡೆದದ್ದು ಎಂಬುದನ್ನು ಮರೆಯುವಂತಿಲ್ಲ. ರಾತ್ರಿಯೂ ಸಲೀಸಲ್ಲ, ಅದನ್ನೂ ಹೇಳಬೇಕು. ಎಂಟಕ್ಕೆ ಮುದ್ದೆ ಉಂಡ ಮಗು ಹನ್ನೊಂದರವರೆಗೆ ಎದ್ದಿರುತ್ತದೆಯೇ? ಮಲಗುವ ಮುಂಚೆ ಶುಗರ್ ಕಡಿಮೆ ಇದ್ದರೆ ಒಂದು ಲೋಟ ಹಾಲು ಕೊಡುವ ಮನೆಗಳೇ ಹೆಚ್ಚು, ಆಗ ಮತ್ತೆ ಅದೇ ಫಜೀತಿ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಶಿಶುಗಳಿಗಾಗಿ ಯುರೋಪಿನ ತಜ್ಞರು ಮಾಡಿಕೊಂಡಿರುವ ಮಾರ್ಗಸೂಚಿಯಲ್ಲಿ ನನಗೆ ಹೆಚ್ಚು ಇಷ್ಟವಾದ ಮಾತೊಂದಿದೆ. ಬೆಳಿಗ್ಗೆಯೋ ಸಂಜೆಯೋ, ಹಾಲಿಗೆ ಮುಂಚೆಯೋ ಹಾಲಿನ ಜೊತೆಗೋ, ಹೇಗಾದರೂ ಕೊಡಿ, ದಿನವೂ ಒಂದೇ ರೀತಿ ಕೊಡಿ ಎನ್ನುತ್ತದೆ ಅದು. ಒಂದೇ ರೀತಿ ಕೊಟ್ಟರೆ ಎಷ್ಟು ಹೀರಿಕೊಳ್ಳುತ್ತದೋ ಅದರ ಮೇಲೆ ಡೋಸ್ ಹೊಂದಿಸಬಹುದು. ಸೋಮವಾರ ಕಟ್ಟುನಿಟ್ಟಿನ ಉಪವಾಸ, ಮಂಗಳವಾರ ಗಂಜಿ ಜೊತೆ, ಭಾನುವಾರ ಮರೆವು ಎಂದಾದರೆ ಯಾವ ಡಾಕ್ಟರೂ ಲೆಕ್ಕ ಹಿಡಿಯಲಾರರು. ಮನೆಯ ಗಡಿಯಾರಕ್ಕೆ ಹೊಂದುವ ಹೊತ್ತೊಂದನ್ನು ಮಗುವಿನ ಡಾಕ್ಟರ ಜೊತೆ ಕೂತು ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಡಾಕ್ಟರು ‘ವ್ಯಾನು ಎಷ್ಟು ಹೊತ್ತಿಗೆ?’ ಎಂದು ಕೇಳಬೇಕಾಗುತ್ತದೆ. ಶುಗರಿಗೆ ಒಬ್ಬರು, ಥೈರಾಯ್ಡಿಗೆ ಇನ್ನೊಬ್ಬರು ಎಂದಾದರೆ ಇಬ್ಬರೂ ಬೆಳಗಿನ ಹೊತ್ತನ್ನೇ ಬರೆಯುತ್ತಾರೆ, ಎರಡೂ ಚೀಟಿ ನನ್ನ ಕೌಂಟರಿನ ಮೇಲೆ ಒಟ್ಟಿಗೆ ಬಂದು ಬೀಳುತ್ತವೆ.

ಇನ್ನು ಲ್ಯಾಬುಗಳು. ಹೋದ ಸಲ ಮಗಳನ್ನು ಕರೆದುಕೊಂಡು ಹೋದ ಲ್ಯಾಬಿನ ಹೆಸರು ಬೇಡ. ‘ಖಾಲಿ ಹೊಟ್ಟೇಲಿ ಬನ್ನಿ’ ಎಂದು ಹಿಂದಿನ ದಿನ ಫೋನಿನಲ್ಲೇ ಹೇಳಿದ್ದರು. ನಾವು ತಿಂಡಿ ತಿನ್ನಿಸಿಯೇ ಕರೆದೊಯ್ದೆವು. ಕಂಪ್ಯೂಟರಿನ ಮುಂದಿದ್ದ ಹುಡುಗ, ‘ತಿಂದ್ರೆ ರಿಪೋರ್ಟ್ ಸರಿ ಬರಲ್ಲ ಸಾರ್, ನಾಳೆ ಬನ್ನಿ’ ಎಂದ. ಬೆಂಚಿನ ಮೇಲೆ ಅದಾಗಲೇ ಏಳೆಂಟು ಜನ ಹಸಿದುಕೊಂಡು ಕೂತಿದ್ದರು, ಪಕ್ಕದಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಬಿಸ್ಕೆಟ್ ಪೊಟ್ಟಣವನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದರು. ಬೇಕಾಗಿದ್ದದ್ದು ಟಿಎಸ್‌ಎಚ್, ಎಚ್‌ಬಿಎ1ಸಿ ಎರಡೇ. ಎರಡಕ್ಕೂ ಉಪವಾಸ ಬೇಡ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಶುಗರಿನ ಸರಾಸರಿ, ಇವತ್ತಿನ ದೋಸೆಗೆ ಅದು ಬದಲಾಗುವುದಿಲ್ಲ. ಪ್ಯಾಕೇಜಿನಲ್ಲಿ ಫಾಸ್ಟಿಂಗ್ ಶುಗರ್ ಸೇರಿದೆ ಎಂಬುದು ಅವನ ತೊಂದರೆ. ದಿನಕ್ಕೆ ನಾಲ್ಕೈದು ಸಲ ಬೆರಳು ಚುಚ್ಚಿಕೊಂಡು ಪುಸ್ತಕ ತುಂಬಿಸುವ ಮಗುವಿಗೆ ಲ್ಯಾಬಿನ ಒಂದು ಫಾಸ್ಟಿಂಗ್ ಶುಗರ್ ಹೊಸದಾಗಿ ಏನು ಹೇಳೀತು? ಇನ್ಸುಲಿನ್ ತೆಗೆದುಕೊಳ್ಳುವ ಮಗುವನ್ನು ಒಂಬತ್ತು ಗಂಟೆವರೆಗೆ ಹಸಿದ ಹೊಟ್ಟೆಯಲ್ಲಿ ಸಾಲಿನಲ್ಲಿ ಕೂರಿಸುವುದು ಮಾತ್ರ ನಿಜವಾದ ತೊಂದರೆ. ಲ್ಯಾಬಿಗೆ ಹೋಗುವ ಬೆಳಿಗ್ಗೆ ಮುಂದಕ್ಕೆ ಹಾಕಬೇಕಾದ್ದು ಥೈರಾಯ್ಡ್ ಮಾತ್ರೆ. ರಕ್ತ ಕೊಟ್ಟ ಮೇಲೆ ನುಂಗಿಸಿ ಎಂದು ನಮ್ಮ ಡಾಕ್ಟರಮ್ಮ ಹೇಳುತ್ತಾರೆ, ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಬರೆದಿದ್ದರಂತೂ ಖಂಡಿತ. ಕೂದಲು ಬೆಳೆಯಲೆಂದು ಬಯೋಟಿನ್ ಗುಳಿಗೆ ತಿನ್ನುವವರು ಅದನ್ನೂ ಎರಡು ದಿನ ಮುಂಚೆ ನಿಲ್ಲಿಸಬೇಕು, ಅದು ಥೈರಾಯ್ಡ್ ರಿಪೋರ್ಟನ್ನೇ ತಿರುಚುತ್ತದೆ.

ನನ್ನ ಕಸುಬಿನವರಿಗೂ ಒಂದು ಮಾತು. ಇನ್ಸುಲಿನ್‌ನಲ್ಲಿ ಕಂಪನಿ ಬದಲಿಸಲು ಹೆದರುವ ನಾವು ಥೈರಾಯ್ಡ್ ಮಾತ್ರೆಯಲ್ಲಿ ‘ಎಲ್ಲಾ ಒಂದೇ’ ಎಂದುಬಿಡುತ್ತೇವೆ. 25 ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷ ಪಾಲುಗಳಲ್ಲಿ ಇಪ್ಪತ್ತೈದು ಪಾಲು, ಅಲ್ಲಿ ಸಣ್ಣ ಏರುಪೇರಿಗೂ ಅರ್ಥವಿದೆ. ಮಕ್ಕಳ ವಿಷಯದಲ್ಲಿ ಒಂದೇ ಕಂಪನಿಯದನ್ನು ತರಿಸಿಕೊಡಬೇಕು, ಬದಲಿಸುವುದು ಅನಿವಾರ್ಯವಾದರೆ ಡಾಕ್ಟರಿಗೆ ತಿಳಿಸಿ ಎನ್ನಬೇಕು. ಇನ್ಸುಲಿನ್ ಜೊತೆಗೇ ಮಾತ್ರೆ ಡಬ್ಬಿಯನ್ನೂ ಫ್ರಿಜ್ಜಿನಲ್ಲಿಡುವವರು ಬೇಕಾದಷ್ಟಿದ್ದಾರೆ. ಮಾತ್ರೆಗೆ ಫ್ರಿಜ್ಜು ಬೇಡ, ಒಲೆಯ ಪಕ್ಕವೂ ಬೇಡ. ಎರಡೂ ಔಷಧಿ ಕೊಳ್ಳುವ ಮನೆಯವರಿಗೆ ನಾನೀಗ ಡಬ್ಬಿಯ ಮೇಲೆ ಬರೆಯುವುದು ಹೀಗೆ: ‘ದಿನವೂ ಒಂದೇ ಹೊತ್ತಿಗೆ. ಮೊದಲು ಶುಗರ್ ನೋಡಿ. ಲೋ ಇದ್ದರೆ ಗ್ಲೂಕೋಸ್ ಮೊದಲು.’ ಚಿಕ್ಕ ಡಬ್ಬಿ, ಜಾಗ ಸಾಲದೆ ಬದಿಗೂ ಬರೆಯಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಮಾತ್ರೆಯನ್ನು ರಾತ್ರಿಗೆ ಬದಲಿಸುವ ಚರ್ಚೆ ನಡೆದಿದೆ. ಹೆಂಡತಿಗೆ ಮನಸ್ಸಿದೆ, ಬೆಳಗಿನ ಒದ್ದಾಟ ತಪ್ಪುತ್ತದೆ ಎನ್ನುತ್ತಾಳೆ. ಮಗಳು ಬೇಡ ಎನ್ನುತ್ತಾಳೆ, ಅವಳಿಗೆ ಹತ್ತಕ್ಕೇ ನಿದ್ದೆ. ಮುಂದಿನ ಭೇಟಿಯಲ್ಲಿ ಡಾಕ್ಟರಮ್ಮನ ಮುಂದೆ ಇಬ್ಬರೂ ವಾದ ಮಾಡಲಿದ್ದಾರೆ. ಯಾರು ಗೆದ್ದು ಹೊತ್ತು ಬದಲಾದರೂ ಆರೆಂಟು ವಾರದ ಮೇಲೆ ಮತ್ತೆ ರಕ್ತ ಕೊಡಬೇಕು. ಅದೇ ಲ್ಯಾಬಿಗೆ, ತಿಂಡಿ ತಿನ್ನಿಸಿಕೊಂಡೇ ಹೋಗುತ್ತೇವೆ.