ತಿಂಗಳ ನೋವು: ಮಾತ್ರೆಗೆ ಮೊದಲು

ಮಗಳು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದರೆ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಇದು ಎಲ್ಲರಿಗೂ ಇದ್ದದ್ದೇ, ಸ್ವಲ್ಪ ಸಹಿಸಿಕೋ." ಆ ದಿನ ಅವಳು ಶಾಲೆಗೆ ಹೋಗುವುದಿಲ್ಲ. ಟೀಚರ್ ಕೇಳಿದರೆ ಜ್ವರವಿತ್ತು ಎನ್ನುತ್ತಾಳೆ.

ತಾಯಂದಿರೇ, ಆ ನೋವು ನಟನೆಯಲ್ಲ. ಮುಟ್ಟಿನ ಸಮಯದಲ್ಲಿ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಉತ್ಪತ್ತಿಯಾಗುತ್ತದೆ. ಅದು ಗರ್ಭಕೋಶದ ಸ್ನಾಯುಗಳನ್ನು ಹಿಂಡುವುದರಿಂದ ಅಲ್ಲಿಗೆ ರಕ್ತಸಂಚಾರ ಕಡಿಮೆಯಾಗಿ ನೋವು ಏಳುತ್ತದೆ. ಕೆಲವರಿಗೆ ವಾಂತಿ, ಭೇದಿ ಆಗುವುದೂ ಇದರಿಂದಲೇ. ಸಾಮಾನ್ಯವಾಗಿ 1ರಿಂದ 3 ದಿನಗಳಲ್ಲಿ ಇದು ತಗ್ಗುತ್ತದೆ.

ಹಜ್ಜ್ ಯಾತ್ರೆಯ ದಾರಿಯಲ್ಲಿ ಮುಟ್ಟಾದಾಗ ಹಝ್ರತ್ ಆಯಿಶಾ(ರ) ಅತ್ತರು. ಪ್ರವಾದಿ(ಸ) ಏಕೆ ಅಳುತ್ತಿರುವೆ ಎಂದು ವಿಚಾರಿಸಿ ಸಮಾಧಾನಪಡಿಸಿದರು. ಆ ದಿನಗಳಲ್ಲಿ ನಮಾಝ್‌ಗೆ ವಿನಾಯಿತಿಯಿದೆ, ಉಪವಾಸವನ್ನು ಆಮೇಲೆ ಪೂರ್ತಿಗೊಳಿಸಬಹುದು. ಆದರೂ ರಮಝಾನಿನಲ್ಲಿ ಅಣ್ಣತಮ್ಮಂದಿರಿಗೆ ತಿಳಿದೀತೆಂದು ನೀರನ್ನೂ ಕುಡಿಯದೆ ದಿನ ಕಳೆಯುವ ಹುಡುಗಿಯರಿದ್ದಾರೆ!

ಮಾತ್ರೆಯಿಲ್ಲದ ಉಪಾಯಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಶಾಖಕ್ಕೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಿಬ್ಬೊಟ್ಟೆಗೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಶಾಖವನ್ನು ದಿನಕ್ಕೆ 12 ಗಂಟೆಯಂತೆ ಎರಡು ದಿನ ಕೊಟ್ಟಾಗ ಐಬುಪ್ರೊಫೇನ್ ಮಾತ್ರೆಯಷ್ಟೇ ಉಪಶಮನ ಸಿಕ್ಕಿತ್ತು. ಗಮನಿಸಿ, ಅದು ಸುಡುವ ಬಿಸಿಯಲ್ಲ, ಹದವಾದ ಬಿಸಿ. ಆದರೆ ಬಹಳ ಹೊತ್ತು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಕುದಿಯುವ ನೀರು ತುಂಬಿ, ಹತ್ತು ನಿಮಿಷ ಒತ್ತಿ, ಚರ್ಮ ಕೆಂಪಾದ ಮೇಲೆ ತೆಗೆದಿಡುತ್ತೇವೆ. ಕುದಿ ಆರಿದ ನೀರನ್ನು ರಬ್ಬರ್ ಚೀಲಕ್ಕೆ ಅರ್ಧದಿಂದ ಮುಕ್ಕಾಲು ಭಾಗ ತುಂಬಿ, ಗಾಳಿ ಹೊರಹಾಕಿ ಮುಚ್ಚಳ ಬಿಗಿಮಾಡಿ. ಟವೆಲ್ ಸುತ್ತಿ ಇಡಿ, ತಣಿದಾಗ ನೀರು ಬದಲಿಸಿ. ಇಟ್ಟುಕೊಂಡೇ ನಿದ್ದೆ ಹೋಗುವುದು ಬೇಡ. ಚೀಲ ಇಲ್ಲದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯೂ ಆದೀತು.

ಎರಡನೆಯದು ವ್ಯಾಯಾಮ. ವಾರಕ್ಕೆ 3 ಸಲವಾದರೂ 45ರಿಂದ 60 ನಿಮಿಷ ಮೈ ದಣಿಸುವವರಲ್ಲಿ ನೋವು ಕಡಿಮೆಯಾಗುವುದನ್ನು ಅಧ್ಯಯನಗಳು ತೋರಿಸಿವೆ. ಇದನ್ನು ತಿಂಗಳಿಡೀ ಮಾಡಬೇಕು, ನೋವು ಬಂದ ದಿನ ಮಾತ್ರವಲ್ಲ. "ಮನೆಗೆಲಸ ಸಾಲದೇ?" ಎನ್ನಬೇಡಿ, ಬೆಳಗ್ಗೆ ಸುಬ್‌ಹಿಯ ನಂತರ ತಾಯಿ ಮಗಳು ಒಟ್ಟಿಗೆ ಬಿರುಸಾಗಿ ನಡೆಯಬಹುದು, ಮನೆಯ ಟೆರೇಸಿನ ಮೇಲಾದರೂ ಸರಿ.

ಶುಂಠಿ ಕಷಾಯ ಅಜ್ಜಿಯರ ಕಾಲದ್ದು. ಮೊದಲ ಮೂರು ನಾಲ್ಕು ದಿನ ಒಣಶುಂಠಿ ಪುಡಿ ಸೇವಿಸಿದವರಿಗೆ ಆರಾಮ ಸಿಕ್ಕಿದ್ದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಮಾತ್ರ ಡಾಕ್ಟರರನ್ನು ಕೇಳಬೇಕು.

ಇಷ್ಟಕ್ಕೂ ತಗ್ಗದಿದ್ದರೆ ಮಾತ್ರೆ ತಿನ್ನುವುದು ತಪ್ಪಲ್ಲ, ವೈದ್ಯರ ಸಲಹೆಯಂತೆ ತಿನ್ನಲಿ. ಆದರೆ ತಿಂಗಳಿಂದ ತಿಂಗಳಿಗೆ ನೋವು ಹೆಚ್ಚುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಕಾಡಿದರೆ, ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ, ಮಲವಿಸರ್ಜನೆಯ ವೇಳೆ ತೀವ್ರ ನೋವಾದರೆ ತಡಮಾಡಬೇಡಿ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇರಬಹುದು. "ಮದುವೆಯಾದರೆ ಸರಿಹೋಗುತ್ತದೆ" ಎಂಬ ಮಾತಿಗೆ ಕಾಯುತ್ತಾ ವರ್ಷಗಟ್ಟಲೆ ನರಳಿದವರು ಎಷ್ಟೋ ಮಂದಿ. ಅವಿವಾಹಿತೆಗೆ ಒಳಪರೀಕ್ಷೆ ಮಾಡುತ್ತಾರೆಂಬ ಅಂಜಿಕೆಯೂ ಬೇಡ. ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡಬಹುದು. ಮಹಿಳಾ ವೈದ್ಯರನ್ನೇ ಕೇಳಿ ಪಡೆಯಬಹುದು.

ಹೋಗುವಾಗ ಒಂದು ಚೀಟಿ ಇರಲಿ. ಮುಟ್ಟಾದ ದಿನಾಂಕ, ಎಷ್ಟು ದಿನ ನೋವು, ಎಷ್ಟು ಪ್ಯಾಡ್, ಶಾಲೆ ತಪ್ಪಿದ ದಿನಗಳು: ಮೂರು ತಿಂಗಳದ್ದು ಇದ್ದರೆ ಒಳ್ಳೆಯದು. ಆದರೆ ನೋವು ತೀವ್ರವಿದ್ದರೆ ಚೀಟಿ ತುಂಬುವ ತನಕ ಕಾಯಬೇಡಿ.