ಗುಡ್ಡವೂ ಬಯಲೂ ಎಲ್ಲರದಾಗಿರಲಿ

ಹಟ್ಟಿ ಭಾಗದಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯ ದುರ್ಗದ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮಿ ಅಕ್ಷರಗಳನ್ನು ಕಂಡರು. ಶಾಸನಗಳಲ್ಲಿ ‘ದೇವಾನಂಪ್ರಿಯ’ ಎಂದು ಕರೆಸಿಕೊಳ್ಳುತ್ತಿದ್ದ ದೊರೆಯನ್ನು ಅಶೋಕ ಎಂದು ಹೆಸರಿಟ್ಟು ಹೇಳಿದ, ಮೊದಲು ಬೆಳಕಿಗೆ ಬಂದ ಶಾಸನ ಅದು. ಇಷ್ಟು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಆ ಬಂಡೆ ಹೇಳುವ ಇನ್ನೊಂದು ಮಾತು ಅಷ್ಟಾಗಿ ಕಿವಿಗೆ ಬಿದ್ದಿಲ್ಲ: ಧರ್ಮದ ಫಲ ದೊಡ್ಡವರಿಗಷ್ಟೇ ಎಂದು ತಿಳಿಯಬೇಡಿ, ಸಣ್ಣವರಿಗೂ ಅದು ದಕ್ಕುತ್ತದೆ.

ಊರಿನ ಗುಡ್ಡ, ಬಯಲು, ಕಾಲುದಾರಿಗಳ ಬಗ್ಗೆ ನಾವು ಹೇಳಬೇಕಾದದ್ದೂ ಇದನ್ನೇ. ಉಳ್ಳವರಿಗೆ ಅಂಗಳವಿದೆ, ತೋಟವಿದೆ. ಏಪ್ರಿಲ್ ಬಿಸಿಲಿಗೆ ಕಾದ ತಗಡಿನ ಮನೆಯಿಂದ ಸಂಜೆ ಹೊರಬರುವ ತಾಯಿ ಮಗುವಿಗೆ ಇರುವುದು ಊರ ಬಯಲಷ್ಟೇ. ಅದು ಹೋದರೆ ಅವರು ಕೂರಲು ಉಳಿಯುವುದು ಚರಂಡಿಯ ಕಟ್ಟೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರನ್ನು ಭತ್ತದ ನಾಡಾಗಿಸಿತು. ಊರು ಬೆಳೆಯಿತು, ಗದ್ದೆಗಳು ನಿವೇಶನಗಳಾದವು. ಹೊಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಹಸಿರು ಬಳಿದ ಚೌಕವೊಂದು ಇದ್ದೇ ಇರುತ್ತದೆ. ಸ್ಥಳಕ್ಕೆ ಹೋಗಿ ನೋಡಿದರೆ ಎಷ್ಟೋ ಕಡೆ ಜಾಲಿ ಮುಳ್ಳು, ಕಟ್ಟಡದ ತ್ಯಾಜ್ಯ, ಪ್ಲಾಸ್ಟಿಕ್ ಚೀಲ. ಹೀಗೆ ಪಾಳು ಬಿದ್ದ ಜಾಗ ಮೊದಲು ಕಸದ ತಿಪ್ಪೆಯಾಗುತ್ತದೆ, ಆಮೇಲೆ ಯಾರದೋ ಗೋಡೆಯೊಳಗೆ ಸೇರುತ್ತದೆ. ಇದನ್ನು ತಡೆಯಲು ಕರ್ನಾಟಕ ಉದ್ಯಾನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ 1985ರಿಂದಲೇ ಇದೆ. ಬೇಕಿರುವುದು ಅದನ್ನು ಕೈಗೆತ್ತಿಕೊಳ್ಳುವ ಮನಸ್ಸು.

ಲಿಂಗಸುಗೂರು ತಾಲ್ಲೂಕಿನಲ್ಲಿ ಗುಡ್ಡಗಳೇ ದಾಖಲೆ ಪತ್ರ. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಡುಬ್ಬದ ಎತ್ತುಗಳನ್ನು ಬಿಡಿಸಿಟ್ಟು ಹೋಗಿದ್ದಾರೆ. ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ 1952ರಲ್ಲಿ ಅಲ್ಲಿ ಉತ್ಖನನ ನಡೆಸಿದರು. ಅಂಥ ಬಂಡೆಯ ಮೇಲೆ ಪೇಂಟಿನಲ್ಲಿ ತನ್ನ ಹೆಸರು ಗೀಚುವವನಿಗೆ ಕೆಳಗಿನ ಗೆರೆಯ ವಯಸ್ಸು ಗೊತ್ತಿರುವುದಿಲ್ಲ. ಕಲ್ಲಿನ ಆಸೆಗೆ ಗುಡ್ಡವನ್ನೇ ಒಡೆದರಂತೂ ಓದಲು ಏನೂ ಉಳಿಯದು.

ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಸ್ಥಳೀಯ ಆಡಳಿತಗಳು ಮಾಡಬೇಕಾದ ಕೆಲಸ ದೊಡ್ಡದಲ್ಲ. ಉದ್ಯಾನ, ಮೈದಾನ, ಕೆರೆಯಂಗಳಗಳ ಪಟ್ಟಿಯನ್ನು ಸರ್ವೆ ನಂಬರ್, ವಿಸ್ತೀರ್ಣ ಸಮೇತ ಕಚೇರಿಯ ಗೋಡೆಗೆ ಬರೆಸಲಿ, ಗಡಿಗೆ ಕಲ್ಲು ನೆಡಲಿ. ಗುಡ್ಡದ ಕಾಲುದಾರಿಗೆ ಕಾಂಕ್ರೀಟ್ ಬೇಡ. ದಾರಿ ತೋರುವ ಫಲಕ, ಕುಡಿಯುವ ನೀರು, ಬುಡದಲ್ಲಿ ನಾಲ್ಕು ಬೇವು, ಹೊಂಗೆ ಸಾಕು. ಶಾಲೆಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಈ ಗುಡ್ಡಗಳಿಗೆ ನಡೆಸಿಕೊಂಡು ಹೋಗಲಿ. ನಡೆದು ನೋಡಿದ ಜಾಗದ ಮೇಲೆ ಮಮತೆ ಹುಟ್ಟುತ್ತದೆ. ಮಮತೆ ಇದ್ದಲ್ಲಿ ಕಾವಲು ತಾನಾಗಿ ಬರುತ್ತದೆ.

ದಾರಿಯ ಬದಿಗೆ ಜನಕ್ಕೂ ದನಕ್ಕೂ ನೆರಳಾಗಲೆಂದು ಆಲದ ಮರ ನೆಡಿಸಿದ್ದಾಗಿ ಅಶೋಕ ತನ್ನ ಸ್ತಂಭ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅವನ ಹೆಸರು ಹೊತ್ತ ಗುಡ್ಡ ನಮ್ಮ ನೆಲದಲ್ಲಿದೆ. ಓದುಗರೇ, ಈ ಭಾನುವಾರ ಮನೆಮಂದಿಯೊಂದಿಗೆ ನಿಮ್ಮೂರಿನ ಗುಡ್ಡಕ್ಕೋ ಬಯಲಿಗೋ ಹೋಗಿ ಬನ್ನಿ. ಬರುವಾಗ ಅಲ್ಲಿ ಬಿದ್ದ ಕಸವನ್ನೊಂದಿಷ್ಟು ಹೊತ್ತು ತನ್ನಿ.