ಒಂದರಿಂದ ನೂರಿಪ್ಪತ್ತೇಳರವರೆಗೆ

1983ರ ಜನವರಿಯಲ್ಲಿ ಅಮೆರಿಕದ ಅನಹೈಮ್‌ನಲ್ಲಿ ನಡೆದ ನ್ಯಾಮ್ ಎಂಬ ವಾದ್ಯ ವ್ಯಾಪಾರ ಮೇಳದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಂಥಸೈಜರುಗಳನ್ನು ಕೇಬಲ್ಲಿನಿಂದ ಜೋಡಿಸಿ ತೋರಿಸಿದರು. ಒಂದು ಸೀಕ್ವೆನ್ಶಿಯಲ್ ಸರ್ಕ್ಯೂಟ್ಸ್‌ನ ಪ್ರಾಫೆಟ್-600, ಇನ್ನೊಂದು ರೋಲ್ಯಾಂಡಿನ ಜುಪಿಟರ್-6. ಇಲ್ಲಿ ಕೀ ಒತ್ತಿದರೆ ಅಲ್ಲಿ ಸ್ವರ ನುಡಿಯಿತು. ವಾದ್ಯಗಳು ತಮ್ಮೊಳಗೆ ಮಾತಾಡಿಕೊಳ್ಳುವ ಮಿಡಿ ಎಂಬ ಭಾಷೆ ಹುಟ್ಟಿದ್ದು ಹೀಗೆ ಎಂದು ಪ್ರತಿ ಪುಸ್ತಕವೂ ಹೇಳುತ್ತದೆ. ಆದರೆ ಆ ಎರಡೂ ವಾದ್ಯಗಳ ಕೀಲಿಮಣೆಗೆ ಬೆರಳು ಮೆಲ್ಲಗೆ ಬಿತ್ತೋ ಜೋರಾಗಿ ಬಿತ್ತೋ ತಿಳಿಯುತ್ತಲೇ ಇರಲಿಲ್ಲ ಎಂಬುದನ್ನು ಬಹಳ ಮಂದಿ ಹೇಳುವುದಿಲ್ಲ. ಹೂ ಮುಟ್ಟಿದ ಹಾಗೆ ಮುಟ್ಟಿದರೂ ಒಂದೇ, ಗುದ್ದಿದರೂ ಒಂದೇ.

ಆದರೂ ಅದೇ ವರ್ಷದ ಆಗಸ್ಟ್‌ನಲ್ಲಿ ಹೊರಬಂದ ಮಿಡಿ 1.0 ನಿಯಮಾವಳಿಯಲ್ಲಿ ಪ್ರತಿ ಸ್ವರದ ಜೊತೆಗೂ ವೆಲಾಸಿಟಿ ಎಂಬ ಸಂಖ್ಯೆಗೊಂದು ಜಾಗ ಕಾದಿರಿಸಿದ್ದರು. ಬೆರಳಿನ ಹದ ಅರಿಯದ ಕೀಬೋರ್ಡುಗಳು ಆ ಜಾಗಕ್ಕೆ 64 ಎಂದು ತುಂಬಿ ಕಳಿಸಲಿ ಎಂದೂ ಬರೆದರು. ಇನ್ನೂ ಬಾರದ ನೆಂಟನಿಗೆ ಎಲೆ ಹಾಕಿಟ್ಟಂತೆ. ಆ ಎಲೆಯ ಮುಂದೆ ಕೂತು ನಾಲ್ಕು ದಶಕ ಉಂಡ ನಮ್ಮಂಥ ಸಂಗೀತ ಪ್ರೋಗ್ರಾಮರ್‌ಗಳು ಒಮ್ಮೆ ಲೆಕ್ಕ ನೋಡಿಕೊಳ್ಳಬೇಕಾದ ಹೊತ್ತಿದು.

ಆ ಸಂಖ್ಯೆ ಏನನ್ನು ಅಳೆಯುತ್ತದೆ ಎಂಬಲ್ಲೇ ಮೊದಲ ಗೊಂದಲ. ಹೆಸರೇ ಹೇಳುವಂತೆ ಅದು ವೇಗ, ಬಲವಲ್ಲ. ಕೀಯ ಅಡಿಯಲ್ಲಿ ಎರಡು ಸಂಪರ್ಕ ಬಿಂದುಗಳಿರುತ್ತವೆ. ಬೆರಳು ಒತ್ತಿದಾಗ ಮೊದಲಿನದು ತಗುಲಿ, ಅದಾದ ಮೇಲೆ ಎರಡನೆಯದು ತಗುಲುವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಒಳಗಿನ ಚಿಪ್ಪು ಎಣಿಸುತ್ತದೆ. ಹೊತ್ತು ಕಡಿಮೆಯಾದರೆ ಸಂಖ್ಯೆ ದೊಡ್ಡದು. ಆ ಸಂಖ್ಯೆಯನ್ನು ಏನು ಮಾಡಬೇಕು ಎಂಬುದು ಧ್ವನಿ ಹೊರಡಿಸುವ ಕಡೆಯವರಿಗೆ ಬಿಟ್ಟದ್ದು. ಒಂದು ವಾದ್ಯ ಸದ್ದು ಹೆಚ್ಚಿಸುತ್ತದೆ, ಇನ್ನೊಂದು ಬಣ್ಣ ಬದಲಿಸುತ್ತದೆ. 1983ರಲ್ಲೇ ಬಂದ ಯಮಾಹಾ ಡಿಎಕ್ಸ್7 ಇದನ್ನು ಚೆನ್ನಾಗಿ ಅರಿತಿತ್ತು. ಅದರಲ್ಲಿ ಜೋರಾಗಿ ಬಾರಿಸಿದರೆ ಸ್ವರ ದೊಡ್ಡದಾಗುವುದಷ್ಟೇ ಅಲ್ಲ, ಚೂಪಾಗುತ್ತಿತ್ತು.

ಸಂಖ್ಯೆ 127ಕ್ಕೇ ನಿಂತದ್ದೇಕೆ? ದಾರಿ ಕಿರಿದಾಗಿತ್ತು. ಮಿಡಿ ಕೇಬಲ್ಲಿನಲ್ಲಿ ಸೆಕೆಂಡಿಗೆ 31,250 ಬಿಟ್‌ಗಳಷ್ಟೇ ಹರಿಯುತ್ತವೆ. ಒಂದು ಸ್ವರದ ಸಂದೇಶಕ್ಕೆ ಮೂರು ಬೈಟು, ಹತ್ತಿರಹತ್ತಿರ ಒಂದು ಮಿಲಿಸೆಕೆಂಡು. ಹತ್ತು ಬೆರಳೂ ಒಟ್ಟಿಗೆ ಬಿದ್ದರೆ ಕೊನೆಯ ಬೆರಳಿನ ಸುದ್ದಿ ತಲುಪುವಷ್ಟರಲ್ಲಿ ಹತ್ತು ಮಿಲಿಸೆಕೆಂಡು ಕಳೆದಿರುತ್ತದೆ. ಹಾಗಾಗಿ ಜಿಪುಣತನ ಬೇಕಿತ್ತು. ಪ್ರತಿ ಮಾಹಿತಿ ಬೈಟಿನಲ್ಲಿ ಏಳೇ ಬಿಟ್ಟು, ಅಂದರೆ 0ಯಿಂದ 127. ಆ ಸೊನ್ನೆಗೂ ಬೇರೆ ಕೆಲಸ ಕೊಟ್ಟರು. ವೆಲಾಸಿಟಿ ಸೊನ್ನೆಯಿರುವ 'ನೋಟ್ ಆನ್' ಬಂದರೆ ಸ್ವರ ನಿಲ್ಲಿಸು ಎಂದರ್ಥ. ಎಡಿಟರಿನಲ್ಲಿ ವೆಲಾಸಿಟಿ ತೋರಿಸುವ ಕಂಬವನ್ನು ಎಷ್ಟು ಕೆಳಗೆಳೆದರೂ ಅದು 1ಕ್ಕೇ ಹಟ ಹಿಡಿದು ನಿಲ್ಲುವುದೇಕೆ ಎಂದು ನನ್ನನ್ನು ಕೇಳಿದ ಹುಡುಗರು ಲೆಕ್ಕವಿಲ್ಲ. ಇದೇ ಕಾರಣ.

ಆ ಕಂಬಗಳ ಕಥೆ ಶುರುವಾಗುವುದು ಕಂಪ್ಯೂಟರಿನ ಪರದೆಯ ಮೇಲೆ. 1985ರ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ಮಿಡಿ ಸಾಕೆಟ್ಟುಗಳು ಹುಟ್ಟಿನಿಂದಲೇ ಇದ್ದವು. 1989ರಲ್ಲಿ ಅದರ ಮೇಲೆ ಸ್ಟೈನ್‌ಬರ್ಗ್ ಕಂಪನಿಯ ಕ್ಯೂಬೇಸ್ ಎಂಬ ಸಂಗೀತ ಸಾಫ್ಟ್‌ವೇರು ಬಂತು. ಅದಕ್ಕೆ ಮೊದಲು ಸ್ವರದ ಹದ ಬದಲಿಸುವುದೆಂದರೆ ಸಾಮಾನ್ಯವಾಗಿ ಉದ್ದನೆಯ ಪಟ್ಟಿಯಲ್ಲಿ ಸಾಲು ಹುಡುಕಿ ಸಂಖ್ಯೆ ತಿದ್ದುವುದು, ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ತಿದ್ದಿದ ಹಾಗೆ. ಪರದೆಯ ಮೇಲೆ ಸ್ವರಗಳು ಅಡ್ಡಪಟ್ಟಿಗಳಾಗಿ, ಅವುಗಳ ಬುಡದಲ್ಲಿ ವೆಲಾಸಿಟಿ ಉದ್ದಗಿಡ್ಡ ಕಂಬಗಳಾಗಿ ನಿಂತ ಮೇಲೆ ಕಿವಿಯ ಕೆಲಸಕ್ಕೆ ಕಣ್ಣೂ ಸೇರಿಕೊಂಡಿತು. ಆ ನೋಟಕ್ಕೆ ಪಿಯಾನೊ ರೋಲ್ ಎಂದು ಹೆಸರು. ತಾನೇ ನುಡಿಯುವ ಹಳೆಯ ಪಿಯಾನೊಗಳ ತೂತು ಕೊರೆದ ಕಾಗದದ ಸುರುಳಿಯಿಂದ ಬಂದದ್ದು. 1904ರ ಜರ್ಮನಿಯ ವೆಲ್ಟೆ-ಮಿನ್ಯಾನ್ ಪಿಯಾನೊದ ಸುರುಳಿ ಸ್ವರಗಳ ಜೊತೆಗೆ ವಾದಕನ ಹದವನ್ನೂ ಹಿಡಿದಿಡುತ್ತಿತ್ತು. ನಮ್ಮ ಹೊಸತನದ ಜಂಬ ಸ್ವಲ್ಪ ಇಳಿಯಲೆಂದು ಇದನ್ನು ನೆನಪಿಸಿದೆ.

ಕಣ್ಣು ಸೇರಿದ್ದೇ ಲಾಭ, ಅದೇ ನಷ್ಟ. ಈ ಲೆಕ್ಕದಲ್ಲಿ ನನ್ನ ತಕರಾರಿರುವುದು ಇಲ್ಲೇ.

ಒಂದು ಭಾವಗೀತೆಗೆ ಕೆಹರ್ವಾ ತಾಳದ ತಬಲ ಹಾಕಬೇಕೆನ್ನಿ. ಎಂಟು ಮಾತ್ರೆ: ಧಾ ಗೆ ನ ತಿ, ನ ಕ ಧಿ ನ. ಕೀಬೋರ್ಡಿನಲ್ಲಿ ನುಡಿಸಿ, ಸ್ವರಗಳನ್ನು ತಾಳದ ಗೆರೆಗೆ ಕೂರಿಸುವ ಕ್ವಾಂಟೈಸ್ ಒತ್ತಿ, ನಾಲ್ಕು ಆವರ್ತ ಕಾಪಿ ಮಾಡಿ ಹಾಡಿನುದ್ದಕ್ಕೂ ಅಂಟಿಸಿದರೆ ಕೆಲಸ ಮುಗಿಯಿತು. ಕೇಳಿದರೆ ಸತ್ತ ತಬಲ. ಒಂದೇ ವೆಲಾಸಿಟಿ ಬಂದಾಗಲೆಲ್ಲ ಅದೇ ಧ್ವನಿಮುದ್ರಿಕೆ ಮತ್ತೆ ಮತ್ತೆ ನುಡಿಯುತ್ತದೆ. ಸ್ಟುಡಿಯೋದವರು ಇದನ್ನು ಮಷೀನ್ ಗನ್ ಎನ್ನುತ್ತಾರೆ. ಆಗ ಮೆನುವಿನಲ್ಲಿರುವ 'ಹ್ಯೂಮನೈಸ್' ಎಂಬ ಆಜ್ಞೆ ಕೈಬೀಸಿ ಕರೆಯುತ್ತದೆ. ಒತ್ತಿದರೆ ಕಂಬಗಳೆಲ್ಲ ಅಷ್ಟಿಷ್ಟು ಮೇಲೆ ಕೆಳಗೆ ಆಗುತ್ತವೆ, ಕಣ್ಣಿಗೆ ಜೀವ ಬಂದಂತೆ ಕಾಣುತ್ತದೆ. ಈ ಹೆಸರಿಟ್ಟವರು ಮನುಷ್ಯನ ಬಗ್ಗೆ ಏನೆಂದುಕೊಂಡಿದ್ದರೋ! ಅದು ದಾಳ ಉರುಳಿಸುವ ಆಜ್ಞೆ. ತಬಲ ನುಡಿಸುವವರ ಕೈ ದಾಳ ಉರುಳಿಸುವುದಿಲ್ಲ. ಸಮದ ಧಾ ಒಂದು ತೂಕ, ಅದರ ಪಕ್ಕದ ಗೆ ಹಗುರ. ಐದನೆಯ ಮಾತ್ರೆ ಖಾಲಿ, ಅಲ್ಲಿ ಡಗ್ಗಾ ತೂಕ ಬಿಡಬೇಕು. ಹಾಡು ಪಲ್ಲವಿಗೆ ಮರಳುವ ಮೊದಲು ಕೈ ತಾನೇ ಒಂದಿಷ್ಟು ಏರುತ್ತದೆ. ದಾಳಕ್ಕೆ ಇದ್ಯಾವುದೂ ಗೊತ್ತಿಲ್ಲ. ಅದು ನಾಲ್ಕನೆಯ ತಿಯನ್ನು ಸಮದ ಧಾಗಿಂತ ಎತ್ತರಕ್ಕೆ ಏರಿಸಿ ಕೂರಿಸಬಲ್ಲದು. ಕೇಳುಗನಿಗೆ ತಾಳ ಗೊತ್ತಿರದಿದ್ದರೂ ಏನೋ ಕಾಲು ಜಾರಿದಂತೆ ಅನ್ನಿಸುತ್ತದೆ.

ವರುಷಗಳು ಕಳೆದಂತೆ ನಾನು ಕಂಡುಕೊಂಡ ದಾರಿ ಬಹಳ ಮಂದಗತಿಯದು. ಮೊದಲು ಎಲ್ಲ ಕಂಬಗಳನ್ನೂ ಒಂದೇ ಮಟ್ಟಕ್ಕೆ, ಎಂಬತ್ತರ ಆಸುಪಾಸಿಗೆ ತರುವುದು. ಕಣ್ಣು ಮುಚ್ಚಿ ಬಾಯಲ್ಲಿ ಠೇಕಾ ಹೇಳಿಕೊಳ್ಳುವುದು. ಬಾಯಿ ಎಲ್ಲಿ ಒತ್ತುತ್ತದೋ ಅಲ್ಲಿ ಮಾತ್ರ ಕಂಬ ಎತ್ತುವುದು, ಎಲ್ಲಿ ನುಂಗುತ್ತದೋ ಅಲ್ಲಿ ಇಳಿಸುವುದು. ಒಂದು ಆವರ್ತದಲ್ಲಿ ಮೂರೋ ನಾಲ್ಕೋ ಕಂಬ ಸಾಕು. ಧಾ ಎಂಬುದು ಎರಡು ಕೈಯ ಪೆಟ್ಟು, ಬಲಗೈಗೊಂದು ಸ್ವರ, ಡಗ್ಗಾಕ್ಕೊಂದು. ಎರಡನ್ನೂ ಒಟ್ಟಿಗೆ ಎತ್ತಿದರೆ ಗದ್ದಲ, ಡಗ್ಗಾ ಒಂದನ್ನೇ ಎತ್ತಿದರೆ ತೂಕ. ಹಾಗೆಂದು ಡಗ್ಗಾದ ಮೇಲೆ ಮಣಿಕಟ್ಟು ಒತ್ತಿ ಜಾರಿಸುವ ಗುಂಕಾರ ಇದರಲ್ಲಿ ಸಿಗುವುದಿಲ್ಲ. ಪೆಟ್ಟು ಬಿದ್ದ ಮೇಲೆ ಆಗುವುದು ವೆಲಾಸಿಟಿಯ ಲೋಕಕ್ಕೆ ಸೇರಿದ್ದಲ್ಲ. ಅದಕ್ಕೆ ಪಿಚ್ ಬೆಂಡ್ ಬೇಕು. ಅದರಲ್ಲೂ ಒಬ್ಬ ಒಳ್ಳೆಯ ತಬಲ ವಾದಕರು ಪಕ್ಕದಲ್ಲಿ ಕೂತಿದ್ದರೆ ನಾವು ಕಂಪ್ಯೂಟರನ್ನು ನಾಚಿಕೆಯಿಂದ ಮುಚ್ಚುವುದೇ ಲೇಸು.

ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಆಕ್ಟೋಪ್ಯಾಡ್ ಬಾರಿಸುವವರನ್ನು ಇಲ್ಲಿ ನೆನೆಯದೆ ಹೋದರೆ ತಪ್ಪಾಗುತ್ತದೆ. ರೋಲ್ಯಾಂಡಿನ ಆ ಎಂಟು ರಬ್ಬರು ಚೌಕಗಳ ಪೆಟ್ಟಿಗೆ 1985ರಿಂದ ಇದೆ. ಅದರ ಮೇಲೆ ಕೋಲಿನಲ್ಲಿ ಢೋಲಕ್ಕು, ತಮಟೆ, ಡ್ರಮ್ಮು ಎಲ್ಲವನ್ನೂ ಬಾರಿಸಿ ಊರು ಕುಣಿಸಿದವರಲ್ಲಿ ಅನೇಕರು ವೆಲಾಸಿಟಿ ಎಂಬ ಪದವನ್ನೇ ಕೇಳಿರಲಿಕ್ಕಿಲ್ಲ. ಅವರ ಮಣಿಕಟ್ಟಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು.

ಪಿಯಾನೊದ ವಿಚಾರ ಬೇರೆ. ಡಿಸ್ಕಿನಿಂದಲೇ ದೊಡ್ಡ ದೊಡ್ಡ ಧ್ವನಿಮುದ್ರಿಕೆಗಳನ್ನು ನುಡಿಸುವ ತಂತ್ರ 1990ರ ದಶಕದ ಕೊನೆಗೆ ಬಂದ ಮೇಲೆ, ಒಂದೇ ಕೀಗೆ ಮೆಲ್ಲನೆಯದು, ನಡುವಿನದು, ಗಟ್ಟಿಯದು ಎಂದು ಹಲವು ಪದರ ಇಡುವುದು ಸಾಮಾನ್ಯವಾಯಿತು. ಇದರಿಂದ ಎಡಿಟಿಂಗಿಗೆ ಕಾಣದ ಗಡಿಗಳು ಹುಟ್ಟಿಕೊಂಡವು. ಪದರ ಬದಲಾಗುವುದು 90ರಲ್ಲಿ ಎಂದಿದ್ದರೆ 89ಕ್ಕೂ 90ಕ್ಕೂ ನಡುವೆ ಒಂದು ಹಳ್ಳ. ಒಂದು ಸ್ವರ ಸ್ವಲ್ಪ ಚುಚ್ಚುತ್ತದೆಂದು ಎರಡು ಅಂಕ ಇಳಿಸಿದರೆ ಬೇರೆಯೇ ಪಿಯಾನೊ ನುಡಿದಂತಾಗುತ್ತದೆ. ಧ್ವನಿಮುದ್ರಿಕೆಗಳ ಲೈಬ್ರರಿ ಬದಲಿಸಿದರಂತೂ ಹಳೆಯ ತಿದ್ದುಪಡಿಯೆಲ್ಲ ನೀರಿನಲ್ಲಿ ಹೋಮ. 80 ಎಂದರೆ ಇಷ್ಟೇ ಸದ್ದು ಎಂಬ ಒಪ್ಪಂದ ವಾದ್ಯ ವಾದ್ಯಗಳ ನಡುವೆ ಇಲ್ಲವಲ್ಲ. ಹೊಸಬರು ಮಾಡುವ ಇನ್ನೊಂದು ತಪ್ಪೂ ಇದಕ್ಕೇ ತಗುಲಿಕೊಂಡಿದೆ. ಹಾಡುಗಾರರ ಧ್ವನಿಯ ಕೆಳಗೆ ಪಿಯಾನೊ ಅಡಗಲಿ ಎಂದು ವೆಲಾಸಿಟಿ ಇಳಿಸುತ್ತಾರೆ. ಪಿಯಾನೊ ಅಡಗುವುದಿಲ್ಲ, ಮಂಕಾಗುತ್ತದೆ. ಅಲ್ಲಿ ಇಳಿಸಬೇಕಾದ್ದು ಸದ್ದಿನ ಮಟ್ಟದ ಫೇಡರು.

ಹಾರ್ಮೋನಿಯಮ್ಮಿನ ಕಥೆ ತಮಾಷೆಯದು. ಅದರ ಮನೆಯನ್ನು ಎಷ್ಟು ಬೇಗ ಒತ್ತಿದರೂ ಸದ್ದು ಹೆಚ್ಚುವುದಿಲ್ಲ. ಸದ್ದು ಇರುವುದು ತಿದಿಯೊತ್ತುವ ಎಡಗೈಯಲ್ಲಿ. ಕೀಬೋರ್ಡಿನಲ್ಲಿ ಹಾರ್ಮೋನಿಯಂ ಧ್ವನಿ ಇಟ್ಟು ನುಡಿಸಿದರೆ ಒಂದು ಸ್ವರ ಕಿರುಚಿ ಇನ್ನೊಂದು ಪಿಸುಗುಟ್ಟುವುದು ಇದರಿಂದಲೇ. ಭಜನೆಯ ಟ್ರ್ಯಾಕುಗಳಲ್ಲಿ ಇದನ್ನು ಈಗಲೂ ಕೇಳುತ್ತೇವೆ. ಇಲ್ಲಿ ಎಲ್ಲ ಕಂಬಗಳನ್ನೂ ಆಯ್ದು ಒಂದೇ ಎತ್ತರಕ್ಕೆ ಕತ್ತರಿಸಿ, 11ನೆಯ ಕಂಟ್ರೋಲರಾದ ಎಕ್ಸ್‌ಪ್ರೆಶನ್ನಿನಲ್ಲಿ ಗಾಳಿಯ ಏರಿಳಿತದ ಗೆರೆ ಎಳೆಯಬೇಕು. ಕೊಳಲು, ಪಿಟೀಲು, ನಾದಸ್ವರಕ್ಕೂ ಹೆಚ್ಚುಕಡಿಮೆ ಇದೇ ಮಾತು. ಉಸಿರು, ಕಮಾನು ಸ್ವರದ ಉದ್ದಕ್ಕೂ ಕೆಲಸ ಮಾಡುತ್ತವೆ. ವೆಲಾಸಿಟಿ ಬಾಗಿಲು ತಟ್ಟಿ ಹೊರಟುಹೋಗುವ ಮನುಷ್ಯ. ಮಿಡಿ ಕೀಲಿಮಣೆಯವರ ಮನೆಯಲ್ಲಿ ಹುಟ್ಟಿದ ಕೂಸು ಎಂಬುದು ಇಲ್ಲಿ ಗೊತ್ತಾಗುತ್ತದೆ. ಹಾಡುವುದನ್ನೇ ತಾಯಿಬೇರೆಂದು ಬಗೆದ ನಮ್ಮ ಸಂಗೀತಕ್ಕೆ ಅದು ಅರ್ಧವಷ್ಟೇ ಹೊಂದುತ್ತದೆ.

2020ರ ಜನವರಿಯಲ್ಲಿ ಮಿಡಿ 2.0 ಒಪ್ಪಿತವಾಯಿತು. ವೆಲಾಸಿಟಿಗೆ ಈಗ ಹದಿನಾರು ಬಿಟ್ಟು, 65,536 ಮೆಟ್ಟಿಲು. ಸೊನ್ನೆಗೂ ಬಿಡುಗಡೆ ಸಿಕ್ಕಿ, ಅದು ಸ್ವರ ನಿಲ್ಲಿಸುವ ಕೆಲಸದಿಂದ ಪಾರಾಗಿದೆ. ಮರುವರ್ಷ ಬಂದ ಏಬಲ್ಟನ್ ಲೈವ್ 11 ಸಾಫ್ಟ್‌ವೇರಿನಲ್ಲಿ ಒಂದೊಂದು ಸ್ವರಕ್ಕೂ ವೆಲಾಸಿಟಿಯ ವ್ಯಾಪ್ತಿ ಕೊಟ್ಟು ಪ್ರತಿ ಸಲ ಅದರೊಳಗೆ ಬೇರೆ ಬೇರೆಯಾಗಿ ನುಡಿಯುವಂತೆ ಮಾಡಬಹುದು. ದಾಳವೇ, ಆದರೆ ಬೇಲಿಯೊಳಗಿನ ದಾಳ. ನಾನು ಇದಕ್ಕೆಲ್ಲ ವಿರೋಧಿಯಲ್ಲ. ಆದರೆ ಇಷ್ಟು ವರ್ಷದಲ್ಲಿ 127 ಮೆಟ್ಟಿಲು ಸಾಲದೆ ನನ್ನ ಕೆಲಸ ಕೆಟ್ಟ ದಿನವೊಂದೂ ನೆನಪಿಲ್ಲ. ಸಾಲದೆ ಹೋದದ್ದು ರಾತ್ರಿ ಹನ್ನೊಂದರ ಮೇಲಿನ ತಾಳ್ಮೆ. ಅದೂ ಉಳಿದಾಗ ಕೊನೆಗೆ ಯಾರೋ 'ಇನ್ನೂ ಜೋರು ಬೇಕು ಸಾರ್' ಎಂದು ಲಿಮಿಟರಿಗೆ ಹಾಕಿ ಏರುತಗ್ಗನ್ನೆಲ್ಲ ಇಸ್ತ್ರಿ ಮಾಡಿದ್ದಾರೆ. ಮೂರು ದಿನ ಕೂತು ಎತ್ತಿ ಇಳಿಸಿದ ಕಂಬಗಳು ಮೊಬೈಲಿನ ಸ್ಪೀಕರಿನಲ್ಲಿ ಎಲ್ಲಿ ಹೋದವೋ ಹುಡುಕಬೇಕು.

ಈ ಬರಹಕ್ಕೆಂದು ಹಳೆಯ ಡಬ್ಬಿಯಿಂದ ಒಂದು ಫೈಲು ತೆಗೆದೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಮಾಡಿದ ದೇವರ ಹಾಡಿನ ಟ್ರ್ಯಾಕು. ಅಂದಿನ ಕಂಪ್ಯೂಟರಿಲ್ಲ, ಸಾಫ್ಟ್‌ವೇರಿಲ್ಲ, ಧ್ವನಿ ಪೆಟ್ಟಿಗೆ ಗುಜರಿ ಸೇರಿತು. ಆದರೆ 1988ರಿಂದ ಬಳಕೆಗೆ ಬಂದ ಸ್ಟ್ಯಾಂಡರ್ಡ್ ಮಿಡಿ ಫೈಲ್ ಎಂಬುದು ಗಟ್ಟಿಪಿಂಡ. ಇಂದಿನ ಲ್ಯಾಪ್‌ಟಾಪಿನಲ್ಲಿ ತಕರಾರಿಲ್ಲದೆ ತೆರೆಯಿತು. ತಬಲದ ಸಾಲು ನೋಡಿದರೆ ಎಲ್ಲವೂ 100. ಹಾಡಿನ ಈ ತುದಿಯಿಂದ ಆ ತುದಿಯವರೆಗೆ ಕತ್ತರಿಸಿಟ್ಟ ಬೇಲಿಯಂತೆ ಸಮ. ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಮುಚ್ಚಬೇಕೆನ್ನುವಾಗ ಎರಡನೆಯ ಚರಣದ ಕೊನೆಯಲ್ಲಿ ಒಂದೇ ಒಂದು ಕಂಬ ತಲೆ ಎತ್ತಿ ನಿಂತಿತ್ತು, 113. ಯಾಕೆ ಹಾಗೆ ಮಾಡಿದೆನೆಂದು ನೆನಪಾಗಲಿಲ್ಲ. ಎರಡು ಆವರ್ತ ಹಿಂದಕ್ಕೆ ಹೋಗಿ ಪ್ಲೇ ಒತ್ತಿದೆ. ಪಲ್ಲವಿ ಮರಳುವ ಸಮ ಅದು.